ಮಾನ್ಯ ಸಚಿವರೇ, ತೋಳಕ್ಕೆ ಗುಂಡು ಹೊಡೆಯುವ ಕಾಡಿನಲ್ಲಿ ಮರಕ್ಕೆ ಗರಗಸ ಇಡಬೇಡಿ

ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯ ಸರ್ಕಾರದ ಜಲ, ಭೂಮಿ ಮತ್ತು ಸಂಪನ್ಮೂಲ ಸಚಿವರಿಗೆ, ಅರಣ್ಯ ಸಚಿವರಿಗೆ, ಮತ್ತು ಈ ಪ್ರಾಂತ್ಯದಲ್ಲಿ ಮನೆ ಮಾಡಿಕೊಂಡು ಇಲ್ಲೇ ವೋಟು ಹಾಕುವ ಎಲ್ಲ ಕನ್ನಡಿಗರಿಗೆ,

ನಮಸ್ಕಾರ.

ಪ್ರತಿ ಚಳಿಗಾಲದಲ್ಲಿ ಹಿಮ ಚೆನ್ನಾಗಿ ಕೂತ ಮೇಲೆ ನಮ್ಮ ಪ್ರಾಂತ್ಯದ ಬೆಟ್ಟಗಳ ಮೇಲೆ ಹೆಲಿಕಾಪ್ಟರ್‌ಗಳು ಹಾರುತ್ತವೆ. ಹಿಮದ ಮೇಲೆ ಮೂಡಿದ ತೋಳದ ಹೆಜ್ಜೆ ಹಿಡಿದು ಹೋಗಿ, ಗುಂಪು ಸಿಕ್ಕ ಕಡೆ ಮೇಲಿನಿಂದಲೇ ಗುಂಡು ಹೊಡೆಯುತ್ತಾರೆ. 2015ರಿಂದ ಇದು ಸರ್ಕಾರದ ಕೆಲಸವಾಗಿಯೇ ನಡೆಯುತ್ತಿದೆ. ಇಲ್ಲಿಯವರೆಗೆ ಸತ್ತ ತೋಳಗಳು ಎರಡು ಸಾವಿರಕ್ಕೂ ಜಾಸ್ತಿ. ಇದಕ್ಕೆ ಸರ್ಕಾರ ಕೊಡುವ ಕಾರಣ ಒಂದೇ. ಕ್ಯಾರಿಬೂ ಎಂಬ ಕಾಡುಸಾರಂಗದ ಹಿಂಡುಗಳು ಅಳಿದುಹೋಗುತ್ತಿವೆ, ಅವನ್ನು ಉಳಿಸಬೇಕು.

ಈ ಬೇಟೆಯನ್ನು ನಾಳೆಯೇ ನಿಲ್ಲಿಸಿ ಅಂತ ನಾನು ಕೇಳುತ್ತಿಲ್ಲ. ನಾನು ಕೇಳುವುದು ಬೇರೆ. ಯಾವ ಹಿಂಡಿನ ಹೆಸರು ಹೇಳಿ ತೋಳ ಹೊಡೆಯುತ್ತೀರೋ ಆ ಹಿಂಡು ಬದುಕುವ ಕಾಡಿನಲ್ಲಿ ಹೊಸದಾಗಿ ಮರ ಕಡಿಯಲು ಪರವಾನಗಿ ಕೊಡಬೇಡಿ, ಹೊಸ ರಸ್ತೆ ಎಳೆಯಲು ಬಿಡಬೇಡಿ. ಎರಡೂ ಒಟ್ಟಿಗೆ ನಡೆಯುವುದಾದರೆ ತೋಳ ಹೊಡೆಯುವ ಹಕ್ಕು ನಿಮಗಿಲ್ಲ. ನನ್ನ ಮಾತು ಇದಿಷ್ಟೇ, ಉಳಿದದ್ದೆಲ್ಲ ಯಾಕೆ ಹೀಗೆ ಹೇಳುತ್ತಿದ್ದೇನೆ ಅನ್ನುವುದಕ್ಕೆ.

ನಾನು ಇರುವುದು ಪ್ರಿನ್ಸ್ ಜಾರ್ಜ್‌ನಲ್ಲಿ. ಗರಗಸದ ಮಿಲ್ಲು, ಪಲ್ಪ್ ಮಿಲ್ಲು, ಮರ ಸಾಗಿಸುವ ಲಾರಿಗಳು, ಊರು ನಿಂತಿರುವುದೇ ಇವುಗಳ ಮೇಲೆ. ನನ್ನ ಮನೆ ನಡೆಯುವುದೂ ಆ ದುಡ್ಡಿನಿಂದಲೇ. ಹಾಗಾಗಿ ದೂರದಲ್ಲಿ ಕೂತು ಕಾಡಿನ ಬಗ್ಗೆ ಮಾತಾಡುವವನು ಅಂತ ನನ್ನನ್ನು ತಳ್ಳಿಹಾಕಬೇಡಿ. ಈ ಪತ್ರದ ಇಂಗ್ಲಿಷ್ ಪ್ರತಿ ನಿಮ್ಮ ಕಚೇರಿಗೆ ಬೇರೆಯಾಗಿ ಬರುತ್ತದೆ. ಕನ್ನಡದಲ್ಲೂ ಬರೆಯುತ್ತಿರುವುದಕ್ಕೆ ಕಾರಣ, ವ್ಯಾಂಕೂವರ್, ಸರ್ರೆ, ಬರ್ನಬಿ ಕಡೆ ಇರುವ ನಮ್ಮ ಜನರ ವಾಟ್ಸಾಪ್ ಗುಂಪುಗಳಲ್ಲಿ ಚಳಿಗಾಲ ಬಂದರೆ ಸಾಕು, ತೋಳಗಳನ್ನು ಉಳಿಸಿ ಅನ್ನುವ ಮನವಿಗಳು ಓಡಾಡುತ್ತವೆ, ಅರ್ಧ ನಿಮಿಷದಲ್ಲಿ ಸಹಿ ಹಾಕಿ ಮುಂದೆ ಕಳಿಸುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಹಾಕುತ್ತಾರೆ. ಆದರೆ ಆ ಮನವಿಗಳಲ್ಲಿ ಅರ್ಧ ಕಥೆ ಮಾತ್ರ ಇರುತ್ತದೆ, ಸರ್ಕಾರದ ಹೇಳಿಕೆಯಲ್ಲಿ ಇನ್ನರ್ಧ. ಎರಡನ್ನೂ ಒಟ್ಟಿಗೆ ಇಟ್ಟು ನೋಡುವವರು ಕಡಿಮೆ.

ಕ್ಯಾರಿಬೂ ಯಾವುದು ಅಂತ ಗೊತ್ತಿಲ್ಲದವರು ಜೇಬಿನಲ್ಲಿರುವ ಕೆನಡಾದ 25 ಸೆಂಟ್ ನಾಣ್ಯ ತೆಗೆದು ನೋಡಿ. 1937ರಿಂದ ಅದರ ಮೇಲಿರುವ ಕೊಂಬಿನ ಪ್ರಾಣಿ ಅದೇ. ಯುರೋಪಿನ ಕಡೆ ಜನ ಸಾಕುವ ಹಿಮಸಾರಂಗವೂ ಇದೂ ಒಂದೇ ಜಾತಿ. ಇದರಲ್ಲಿ ಹೆಣ್ಣಿಗೂ ಕೊಂಬು ಬರುತ್ತದೆ. ಉತ್ತರದ ಬಯಲಿನಲ್ಲಿ ಲಕ್ಷಗಟ್ಟಲೆ ನಡೆದುಹೋಗುವ ದೊಡ್ಡ ಹಿಂಡುಗಳು ಬೇರೆ. ನಾನು ಹೇಳುತ್ತಿರುವುದು ನಮ್ಮ ಪ್ರಾಂತ್ಯದ ಬೆಟ್ಟಗಳಲ್ಲಿ, ಹಳೆಯ ಕಾಡುಗಳಲ್ಲಿ ಚಿಕ್ಕ ಚಿಕ್ಕ ಹಿಂಡುಗಳಾಗಿ ಬದುಕುವ ಕ್ಯಾರಿಬೂ ಬಗ್ಗೆ. ಚಳಿಗಾಲ ಪೂರ್ತಿ ಇವು ಬದುಕುವುದು ಲೈಕೆನ್ ತಿಂದು. ಅದು ನಾವು ಮಸಾಲೆಗೆ ಹಾಕುವ ಕಲ್ಲುಹೂವಿನ ಬಳಗದ್ದು, ವಯಸ್ಸಾದ ಮರಗಳ ಕೊಂಬೆಗಳಿಂದ ಗಡ್ಡದ ಹಾಗೆ ಜೋತುಬಿದ್ದಿರುತ್ತದೆ. ಎಂಬತ್ತು ನೂರು ವರ್ಷ ದಾಟಿದ ಕಾಡಿನಲ್ಲಿ ಮಾತ್ರ ಅದು ಹೊಟ್ಟೆ ತುಂಬುವಷ್ಟು ಸಿಗುವುದು. ಕಡಿದ ಜಾಗದಲ್ಲಿ ಇವತ್ತು ಸಸಿ ನೆಟ್ಟರೆ ಕ್ಯಾರಿಬೂಗೆ ಊಟ ಸಿಗುವುದು ನಮ್ಮ ಮೊಮ್ಮಕ್ಕಳ ಕಾಲಕ್ಕೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ತೋಳ ಮತ್ತು ಕ್ಯಾರಿಬೂ ಸಾವಿರಾರು ವರ್ಷಗಳಿಂದ ಒಂದೇ ನೆಲದಲ್ಲಿ ಬದುಕಿವೆ. ತೋಳದ ಹಲ್ಲು ಈಚೆಗೆ ಚೂಪಾಗಿಲ್ಲ. ಹಾಗಾದರೆ ಈ ನೂರು ವರ್ಷದಲ್ಲಿ ಏನು ಬದಲಾಯಿತು?

ಕ್ಯಾರಿಬೂ ಬದುಕಿ ಉಳಿದದ್ದು ದೂರ ಇದ್ದು. ಮೂಸ್ ಎಂಬ ದೈತ್ಯ ಸಾರಂಗ, ಜಿಂಕೆ ಇಂಥವು ಕೆಳಗಿನ ಕಣಿವೆಗಳಲ್ಲಿ ಎಳೆಯ ಚಿಗುರು ಇರುವ ಕಡೆ ಮೇಯುತ್ತವೆ, ತೋಳವೂ ಅಲ್ಲೇ ಸುತ್ತುತ್ತದೆ. ಕ್ಯಾರಿಬೂ ಮಾತ್ರ ಬೇರೆ ಯಾರೂ ಬೇಡ ಅನ್ನುವ ಜಾಗಕ್ಕೆ, ಆಳ ಹಿಮದ ಎತ್ತರಕ್ಕೆ, ದಟ್ಟ ಹಳೆಯ ಕಾಡಿಗೆ ಹೋಗಿ ನಿಲ್ಲುತ್ತಿತ್ತು. ಅಲ್ಲಿ ತೋಳಕ್ಕೆ ತಿನ್ನಲು ಜಾಸ್ತಿ ಏನೂ ಇರಲಿಲ್ಲ, ಹಾಗಾಗಿ ಅದು ಅಲ್ಲಿಗೆ ಬರುತ್ತಲೂ ಇರಲಿಲ್ಲ. ನಾವು ಹೋಗಿ ಆ ಹಳೆಯ ಕಾಡನ್ನು ಚೌಕ ಚೌಕವಾಗಿ ಬೋಳಿಸಿದೆವು. ಬೋಳಿಸಿದ ಜಾಗದಲ್ಲಿ ಬಿಸಿಲು ಬಿತ್ತು, ಪೊದೆ ಬೆಳೆಯಿತು, ಚಿಗುರು ಬಂತು. ಚಿಗುರಿಗೆ ಮೂಸ್ ಮತ್ತು ಜಿಂಕೆ ಬಂದವು, ಅವುಗಳ ಹಿಂದೆ ತೋಳ ಬಂತು. ಮೂಸ್ ಇರುವವರೆಗೂ ತೋಳದ ಹೊಟ್ಟೆಗೆ ಕೊರತೆ ಇಲ್ಲ, ಹಾಗಾಗಿ ಕ್ಯಾರಿಬೂ ಎಷ್ಟೇ ಕಡಿಮೆಯಾದರೂ ತೋಳದ ಸಂಖ್ಯೆ ಕಡಿಮೆ ಆಗುವುದಿಲ್ಲ. ದಾರಿಯಲ್ಲಿ ಸಿಕ್ಕ ಕ್ಯಾರಿಬೂವನ್ನೂ ಅದು ಹಿಡಿಯುತ್ತದೆ. ಹಿಂಡಿನ ಕೊನೆಯ ಪ್ರಾಣಿ ಹೋಗುವವರೆಗೂ ಇದು ನಡೆಯಬಹುದು.

ದಾರಿಗಳದ್ದು ಇನ್ನೊಂದು ಕಥೆ. ಮರ ಸಾಗಿಸಲು ರಸ್ತೆ, ಗ್ಯಾಸ್ ಪೈಪ್‌ಲೈನಿಗೆ ಪಟ್ಟಿ, ಎಣ್ಣೆ ಮತ್ತು ಗ್ಯಾಸ್ ಹುಡುಕಲು ಕಾಡಿನ ನಡುವೆ ನೇರವಾಗಿ ಸೀಳಿದ ಸೀಸ್ಮಿಕ್ ಲೈನ್‌ಗಳು. ಚಳಿಗಾಲದಲ್ಲಿ ಸ್ನೋಮೊಬೈಲ್ ಓಡಿಸಿ ಹಿಮ ತುಳಿದ ದಾರಿಗಳೂ ಇವೆ. ದಟ್ಟ ಕಾಡಿನಲ್ಲಿ ತೋಳ ನಡೆಯುವ ವೇಗಕ್ಕಿಂತ ಈ ಪಟ್ಟಿಗಳ ಮೇಲೆ ಅದು ಎಷ್ಟೋ ಜೋರಾಗಿ ಹೋಗುತ್ತದೆ, ದೂರಕ್ಕೆ ಕಣ್ಣೂ ಹಾಯುತ್ತದೆ. ಒಂದು ಸಲ ಸೀಳಿದ ಪಟ್ಟಿ ದಶಕಗಳಾದರೂ ಮುಚ್ಚಿಕೊಳ್ಳುವುದಿಲ್ಲ. ಕ್ಯಾರಿಬೂ ಅಡಗಿಕೊಳ್ಳುತ್ತಿದ್ದ ಜಾಗಕ್ಕೆ ನಾವೇ ರಸ್ತೆ ಹಾಕಿ ತೋಳವನ್ನು ಕರೆದುಕೊಂಡು ಹೋಗಿ ಬಿಟ್ಟಿದ್ದೇವೆ, ಈಗ ಅಲ್ಲಿಗೆ ಬಂದದ್ದೇ ತಪ್ಪು ಅಂತ ಹೆಲಿಕಾಪ್ಟರ್‌ನಿಂದ ಹೊಡೆಯುತ್ತಿದ್ದೇವೆ.

ಇದಕ್ಕೆ ಕ್ಯಾರಿಬೂವಿನ ನಿಧಾನ ಸ್ವಭಾವವೂ ಸೇರಿಕೊಳ್ಳುತ್ತದೆ. ಹೆಣ್ಣು ಮೊದಲ ಸಲ ಈಯುವುದೇ ಸಾಮಾನ್ಯವಾಗಿ ಮೂರನೇ ವಯಸ್ಸಿಗೆ, ಆಮೇಲೂ ವರ್ಷಕ್ಕೆ ಒಂದೇ ಕರು. ಮೂಸ್ ಮೇವು ಚೆನ್ನಾಗಿದ್ದರೆ ಅವಳಿ ಹಾಕುತ್ತದೆ. ತೋಳ ಒಂದು ಸೂಲಿಗೆ ನಾಲ್ಕೈದು ಮರಿ ಹಾಕುತ್ತದೆ. ಕರುಗಳು ಹುಟ್ಟಿದ ಮೊದಲ ಕೆಲವು ವಾರಗಳಲ್ಲಿ ತೋಳಕ್ಕೂ, ಕರಡಿಗೂ, ಹದ್ದಿಗೂ ಸಿಕ್ಕಿ ಹೋಗುತ್ತವೆ. ದೊಡ್ಡ ಹಿಂಡಿಗೆ ಇದು ತಡೆಯುವ ನಷ್ಟ. ಮೂವತ್ತು ಪ್ರಾಣಿ ಇರುವ ಹಿಂಡಿಗೆ ಒಂದೇ ಕೆಟ್ಟ ವರ್ಷ ಸಾಕು.

ನೂರು ವರ್ಷದ ಹಿಂದೆ ಬ್ರಿಟಿಷ್ ಕೊಲಂಬಿಯಾದಲ್ಲಿ ಸುಮಾರು 40,000 ಕ್ಯಾರಿಬೂ ಇದ್ದವು ಅಂತ ಅಂದಾಜು. ಈಗ ಇಪ್ಪತ್ತು ಸಾವಿರಕ್ಕಿಂತ ಕಡಿಮೆ. ದಕ್ಷಿಣದ ಬೆಟ್ಟಗಳ ಹಿಂಡುಗಳದ್ದು ಇನ್ನೂ ಕೆಟ್ಟ ಸ್ಥಿತಿ: 1991ರಿಂದ 2023ರ ನಡುವೆ ಅವುಗಳ ಸಂಖ್ಯೆ ಅರ್ಧಕ್ಕೆ ಇಳಿದಿದೆ, ಮೂರರಲ್ಲಿ ಒಂದಕ್ಕಿಂತ ಜಾಸ್ತಿ ಹಿಂಡುಗಳು ಇಲ್ಲವೇ ಇಲ್ಲ ಅನ್ನುವಂತಾಗಿವೆ. ಪಕ್ಕದ ಬ್ಯಾನ್ಫ್ ರಾಷ್ಟ್ರೀಯ ಉದ್ಯಾನದಲ್ಲಿ ಉಳಿದಿದ್ದ ಕೊನೆಯ ಕೆಲವು ಕ್ಯಾರಿಬೂ 2009ರಲ್ಲಿ ಹಿಮಕುಸಿತಕ್ಕೆ ಸಿಕ್ಕಿ ಸತ್ತವು. ಅಷ್ಟು ಚಿಕ್ಕದಾದ ಮೇಲೆ ಹಿಂಡು ಹೋಗುವುದಕ್ಕೆ ತೋಳವೂ ಬೇಕಿಲ್ಲ.

ಸೌತ್ ಸೆಲ್ಕರ್ಕ್ ಹಿಂಡನ್ನು ಸ್ವಲ್ಪ ನೆನಪಿಸಿಕೊಳ್ಳಿ ಸಚಿವರೇ. ಅಮೆರಿಕದ ಗಡಿಯ ಎರಡೂ ಕಡೆ ಓಡಾಡುತ್ತಿದ್ದ ಹಿಂಡು ಅದು. 2009ರಲ್ಲಿ 46 ಇದ್ದವು. 2014ರಲ್ಲಿ 18. ಅಷ್ಟಾದ ಮೇಲೆ, 2015ರಲ್ಲಿ, ಅಲ್ಲಿ ತೋಳ ಹೊಡೆಯಲು ಶುರು ಮಾಡಿದಿರಿ. 2018ರಲ್ಲಿ ಎಣಿಸಿದಾಗ ಮೂರೇ ಸಿಕ್ಕವು, ಮೂರೂ ಹೆಣ್ಣು. 2019ರ ಜನವರಿಯಲ್ಲಿ ಕೊನೆಯದಾಗಿ ಸಿಕ್ಕ ಒಂದನ್ನು ಹಿಡಿದು ರೆವೆಲ್‌ಸ್ಟೋಕ್ ಹತ್ತಿರದ ಬೇಲಿಯೊಳಗೆ ಸಾಗಿಸಿದರು. ಅಲಾಸ್ಕಾ, ಹವಾಯಿ ಬಿಟ್ಟು ಅಮೆರಿಕದ ಉಳಿದ 48 ರಾಜ್ಯಗಳಿಗೆ ಕಾಲಿಡುತ್ತಿದ್ದ ಕೊನೆಯ ಹಿಂಡು ಅಲ್ಲಿಗೆ ಮುಗಿಯಿತು. ಅಲ್ಲಿ ಸತ್ತ ತೋಳಗಳು ಯಾರಿಗಾಗಿ ಸತ್ತವು? ಹದಿನೆಂಟಕ್ಕೆ ಇಳಿಯುವವರೆಗೆ ಕಾಯ್ದದ್ದು ಯಾರು?

ಹಾಗಂತ ತೋಳ ಹೊಡೆಯುವುದರಿಂದ ಏನೂ ಪ್ರಯೋಜನ ಇಲ್ಲ ಅಂತ ಹೇಳಿದರೆ ಅದು ಸುಳ್ಳಾಗುತ್ತದೆ, ಆ ಸುಳ್ಳನ್ನು ನಾನು ಹೇಳುವುದಿಲ್ಲ. ನಲವತ್ತು ಹಿಂಡುಗಳ ಐವತ್ತು ವರ್ಷದ ಲೆಕ್ಕ ಸೇರಿಸಿ 2024ರಲ್ಲಿ ವಿಜ್ಞಾನಿಗಳು ಒಂದು ಅಧ್ಯಯನ ಪ್ರಕಟಿಸಿದರು. ತೋಳ ಕಡಿಮೆ ಮಾಡುವುದು, ಬೇಲಿಯೊಳಗೆ ಹೆರಿಗೆ ಮಾಡಿಸುವುದು, ಮೇವು ಹಾಕುವುದು ಇಂಥ ಕ್ರಮಗಳಿಂದ 2023ರಲ್ಲಿ ಸುಮಾರು 1,500 ಕ್ಯಾರಿಬೂ ಜಾಸ್ತಿ ಬದುಕಿದ್ದವು, ಸುಮ್ನೆ ಬಿಟ್ಟಿದ್ದರೆ ಅಷ್ಟು ಇರುತ್ತಿರಲಿಲ್ಲ ಅಂತ ಅದು ಹೇಳುತ್ತದೆ. ಬೇರೆ ಬೇರೆ ಕ್ರಮಗಳನ್ನು ಹೋಲಿಸಿ ನೋಡಿದಾಗ ಅತಿ ಹೆಚ್ಚು ಫಲ ಕೊಟ್ಟದ್ದು ತೋಳ ಕಡಿಮೆ ಮಾಡಿದ್ದೇ. ಸಹಿ ಹಾಕುವ ನನ್ನ ಗೆಳೆಯರು ಇದನ್ನು ಓದಲೇಬೇಕು. ನಾಳೆಯೇ ಈ ಬೇಟೆ ಪೂರ್ತಿ ನಿಂತರೆ ಕೆಲವು ಹಿಂಡುಗಳು ನಮ್ಮ ಕಣ್ಣೆದುರೇ ಹೋಗುತ್ತವೆ. ಆಗ ಕಾಡು ಉಳಿಸಿ ಅಂತ ಕೇಳುವುದಕ್ಕೆ ಕಾರಣವೇ ಉಳಿಯುವುದಿಲ್ಲ. ಕ್ಯಾರಿಬೂ ಇಲ್ಲದ ಕಾಡನ್ನು ಕಡಿಯುವುದು ಕಂಪನಿಗಳಿಗೆ ಇನ್ನೂ ಸುಲಭ.

ಆದರೆ ಬರೀ ತೋಳ ಹೊಡೆದರೆ ಏನಾಗುತ್ತದೆ ಅನ್ನುವುದಕ್ಕೂ ಲೆಕ್ಕ ಇದೆ. ಪಕ್ಕದ ಆಲ್ಬರ್ಟಾದ ಲಿಟಲ್ ಸ್ಮೋಕಿ ಹಿಂಡು ಇರುವ ಪ್ರದೇಶದಲ್ಲಿ 2005ರಿಂದ ಏಳು ವರ್ಷ ಹೆಲಿಕಾಪ್ಟರ್‌ನಿಂದ 841 ತೋಳಗಳನ್ನು ಹೊಡೆದರು. ಸ್ಟ್ರಿಕ್ನೈನ್ ವಿಷ ಇಟ್ಟು ಇನ್ನೂ 154 ತೋಳಗಳನ್ನು ಕೊಂದರು, ಆ ವಿಷ ತಿಂದು ಕಾಗೆ, ನರಿಗಳಂಥ ಬೇರೆ ಪ್ರಾಣಿಗಳೂ ಸತ್ತವು. ಇಷ್ಟೆಲ್ಲ ಮಾಡಿ ಸಿಕ್ಕಿದ್ದೇನು? ಹಿಂಡು ಕುಸಿಯುವುದು ನಿಂತಿತು. ಬೆಳೆಯಲಿಲ್ಲ. ಯಾಕೆ ಬೆಳೆಯಲಿಲ್ಲ ಅಂದರೆ ಆ ಹಿಂಡಿನ ನೆಲದಲ್ಲಿ ನೂರಕ್ಕೆ 95 ಭಾಗ ಮರ ಕಡಿತ, ರಸ್ತೆ, ಎಣ್ಣೆ-ಗ್ಯಾಸ್ ಬಾವಿ, ಪೈಪ್‌ಲೈನುಗಳಿಂದ ಕದಡಿ ಹೋಗಿತ್ತು ಅಂತ ಕ್ಯಾರಿಬೂ ಚೇತರಿಕೆಗೆ ಕೇಂದ್ರ ಸರ್ಕಾರ ಮಾಡಿದ 2012ರ ಯೋಜನೆಯೇ ಹೇಳುತ್ತದೆ. ಒಂದು ಹಿಂಡು ತನ್ನ ಕಾಲ ಮೇಲೆ ನಿಲ್ಲಲು ನೂರಕ್ಕೆ 60ರಷ್ಟಾದರೂ ಅವಕಾಶ ಇರಬೇಕೆಂದರೆ ಅದರ ನೆಲದಲ್ಲಿ 65 ಭಾಗ ಕದಡದೆ ಉಳಿದಿರಬೇಕು ಅಂತಲೂ ಅದೇ ಯೋಜನೆಯಲ್ಲಿದೆ. 65 ಬೇಕಾದ ಕಡೆ 5 ಇಟ್ಟುಕೊಂಡು ಎಷ್ಟು ತೋಳ ಹೊಡೆದರೆ ಸರಿಹೋಗುತ್ತದೆ, ಹೇಳಿ.

ತೋಳವೂ ಸುಮ್ಮನಿರುವುದಿಲ್ಲ. ಒಂದು ಗುಂಪನ್ನು ಖಾಲಿ ಮಾಡಿದರೆ ಪಕ್ಕದ ಕಣಿವೆಯಿಂದ ಇನ್ನೊಂದು ಬಂದು ಕೂರುತ್ತದೆ. ಸಾವಿರ ಚದರ ಕಿಲೋಮೀಟರಿಗೆ ಮೂರಕ್ಕಿಂತ ಕಡಿಮೆ ತೋಳ ಇರುವಂತೆ ಪ್ರತಿ ವರ್ಷ ನೋಡಿಕೊಳ್ಳಬೇಕು ಅನ್ನುವುದು ನಿಮ್ಮ ಇಲಾಖೆಯದೇ ಗುರಿ. ಒಂದು ಚಳಿಗಾಲ ಬಿಟ್ಟರೆ ಮತ್ತೆ ಮೊದಲಿನಿಂದ. ಅಂದರೆ ಕಾಡು ಮರಳಿ ಬೆಳೆಯುವವರೆಗೆ, ಇನ್ನೂ ಎಷ್ಟೋ ದಶಕ, ಪ್ರತಿ ಚಳಿಗಾಲವೂ ಹೀಗೆಯೇ ಹೊಡೆಯುತ್ತಿರಬೇಕು. ಅದೂ ಇವತ್ತೇ ಕಡಿಯುವುದು ನಿಂತರೆ. ನಿಲ್ಲದಿದ್ದರೆ ಇದಕ್ಕೆ ಕೊನೆಯೇ ಇಲ್ಲ. 2000ದಿಂದ 2018ರವರೆಗೆ ಆಲ್ಬರ್ಟಾ ಮತ್ತು ಬ್ರಿಟಿಷ್ ಕೊಲಂಬಿಯಾದಲ್ಲಿ ಕ್ಯಾರಿಬೂ ಕಳೆದುಕೊಂಡ ನೆಲ, ಮತ್ತೆ ಬೆಳೆದು ಸಿಕ್ಕ ನೆಲದ ಎರಡರಷ್ಟು. ತೋಳ ಹೊಡೆಯುತ್ತಿದ್ದ ವರ್ಷಗಳೂ ಇದರಲ್ಲಿ ಸೇರಿವೆ.

ಇದಕ್ಕೆ ಬೇರೆ ದಾರಿ ಇದೆ ಅಂತ ತೋರಿಸಿಕೊಟ್ಟವರು ಸರ್ಕಾರದವರಲ್ಲ. ಪೀಸ್ ನದಿಯ ಕಡೆಯ ವೆಸ್ಟ್ ಮೋಬರ್ಲಿ ಮತ್ತು ಸೋಟೋ ಎಂಬ ಎರಡು ಮೂಲನಿವಾಸಿ ಸಮುದಾಯಗಳು. ಅವರ ಹಿರಿಯರ ನೆನಪಿನಲ್ಲಿ ಕ್ಯಾರಿಬೂ ಅಂದರೆ ಹುಳುಗಳಷ್ಟು, ನೆಲದ ತುಂಬ. 1960ರ ದಶಕದಲ್ಲಿ ಬೆನೆಟ್ ಅಣೆಕಟ್ಟು ಕಟ್ಟಿದಾಗ ಕಣಿವೆ ಮುಳುಗಿತು, ಕ್ಯಾರಿಬೂ ಆಚೆ ಈಚೆ ಹೋಗುತ್ತಿದ್ದ ದಾರಿ ಕಡಿದುಹೋಯಿತು, ಉತ್ತರದ ತ್ಸೇ ಕೇ ಡೆನೆ ಎಂಬ ಮೂಲನಿವಾಸಿ ಜನ ಊರು ಬಿಟ್ಟು ಏಳಬೇಕಾಯಿತು. ಮುಳುಗಡೆ ಅಂದರೆ ಏನು ಅಂತ ಶರಾವತಿ ಕಡೆಯಿಂದ, ಆಲಮಟ್ಟಿ ಕಡೆಯಿಂದ ಬಂದ ಕನ್ನಡಿಗರಿಗೆ ನಾನು ವಿವರಿಸಬೇಕಾಗಿಲ್ಲ. ವ್ಯಾಂಕೂವರಿನ ನಮ್ಮ ಮನೆಗಳಲ್ಲಿ ಉರಿಯುವ ದೀಪದಲ್ಲಿ ಆ ಅಣೆಕಟ್ಟಿನ ಪಾಲು ಇವತ್ತಿಗೂ ದೊಡ್ಡದು. ಆಮೇಲೆ ಕಲ್ಲಿದ್ದಲ ಗಣಿ ಬಂತು, ಮರ ಕಡಿಯುವವರು ಬಂದರು, ಗ್ಯಾಸ್ ಬಂತು. ಕ್ಯಾರಿಬೂ ಕಡಿಮೆಯಾಗುವುದನ್ನು ಕಂಡು ವೆಸ್ಟ್ ಮೋಬರ್ಲಿಯ ಜನ 1970ರ ದಶಕದಲ್ಲೇ ತಾವಾಗಿ ಅದರ ಬೇಟೆ ನಿಲ್ಲಿಸಿದರು. ಸರ್ಕಾರ ಮತ್ತು ಮೂಲನಿವಾಸಿಗಳ ನಡುವಿನ 1899ರ ಎಂಟನೇ ಒಪ್ಪಂದದಲ್ಲಿ (ಟ್ರೀಟಿ 8) ಬೇಟೆಯ ಹಕ್ಕನ್ನು ಬರೆದು ಕೊಟ್ಟಿದ್ದರೂ ನಿಲ್ಲಿಸಿದರು. ಐವತ್ತು ವರ್ಷದಿಂದ ಅವರ ಮಕ್ಕಳು ಅಜ್ಜಂದಿರ ಊಟದ ರುಚಿ ನೋಡದೆ ಬೆಳೆದಿದ್ದಾರೆ. ಕಡಿಯುವುದನ್ನು ನಾವು ದಶಕಗಟ್ಟಲೆ ನಿಲ್ಲಿಸಲಿಲ್ಲ.

ಅವರ ಕ್ಲಿನ್ಸೆ-ಝಾ ಹಿಂಡು 1990ರ ದಶಕದಲ್ಲಿ ಸುಮಾರು 250 ಇದ್ದದ್ದು 2013ಕ್ಕೆ 38ಕ್ಕೆ ಇಳಿಯಿತು. ಪಕ್ಕದ ಬರ್ನ್ಟ್ ಪೈನ್ ಹಿಂಡು ಆಗಲೇ ಇರಲಿಲ್ಲ. ಆಗ ಅವರೇ ಮುಂದೆ ನಿಂತು ಕೆಲಸ ಶುರು ಮಾಡಿದರು. ತೋಳ ಕಡಿಮೆ ಮಾಡಿದರು, ಹೌದು. ಅದರ ಜೊತೆ 2014ರಿಂದ ಬೆಟ್ಟದ ಮೇಲೆ ಬೇಲಿ ಕಟ್ಟಿದರು. ಮಾರ್ಚ್‌ನಲ್ಲಿ ಗಬ್ಬದ ಹೆಣ್ಣುಗಳನ್ನು ಬಲೆ ಹಾಕಿ ಹಿಡಿದು ಹೆಲಿಕಾಪ್ಟರ್‌ನಲ್ಲಿ ತಂದು ಬೇಲಿಯೊಳಗೆ ಬಿಡುತ್ತಾರೆ. ಬೇಸಿಗೆಯವರೆಗೆ ಅಲ್ಲೇ ಈಯುತ್ತವೆ, ಕರು ಗಟ್ಟಿಯಾದ ಮೇಲೆ ತಾಯಿ ಕರು ಎರಡನ್ನೂ ಬಿಡುತ್ತಾರೆ. ಅಷ್ಟು ದಿನವೂ ಸಮುದಾಯದ ಕಾವಲುಗಾರರು ಹಗಲು ರಾತ್ರಿ ಅಲ್ಲೇ ಇರುತ್ತಾರೆ. ಊರಿನ ಜನ, ಮಕ್ಕಳು ಸೇರಿ ಕಾಡಿನಲ್ಲಿ ಕೈಯಿಂದ ಲೈಕೆನ್ ಬಿಡಿಸಿ ಚೀಲ ತುಂಬಿ ಕಳಿಸುತ್ತಾರೆ. 2021ರ ಹೊತ್ತಿಗೆ ಆ ಹಿಂಡು 101 ಆಗಿತ್ತು. ಎಂಟು ವರ್ಷದಲ್ಲಿ ಎರಡೂವರೆ ಪಟ್ಟು. ಇಡೀ ಪ್ರಾಂತ್ಯದಲ್ಲಿ ಇಂಥ ಮಾತು ಹೇಳಲು ಆಗುವ ಹಿಂಡುಗಳು ಎಷ್ಟಿವೆ?

ಅವರು ಅಲ್ಲಿಗೆ ನಿಲ್ಲಲಿಲ್ಲ, ಅದೇ ನನಗೆ ಮುಖ್ಯ. ತೋಳ ಮತ್ತು ಬೇಲಿ ಸಮಯ ಗಳಿಸಿಕೊಡುತ್ತವೆ ಅಷ್ಟೇ ಅಂತ ಅವರು ಮೊದಲಿನಿಂದ ಹೇಳುತ್ತಲೇ ಬಂದರು. ಕಲ್ಲಿದ್ದಲ ಕೆಲಸದ ವಿರುದ್ಧ ಕೋರ್ಟಿಗೆ ಹೋದರು. 2020ರ ಫೆಬ್ರವರಿಯಲ್ಲಿ ಕೆನಡಾ ಸರ್ಕಾರ, ಪ್ರಾಂತ್ಯ ಸರ್ಕಾರ ಮತ್ತು ಈ ಎರಡು ಸಮುದಾಯಗಳು ಸೇರಿ ಸಹಿ ಹಾಕಿದ ಒಪ್ಪಂದ ಬಂತು, ಸುಮಾರು 8,000 ಚದರ ಕಿಲೋಮೀಟರ್ ನೆಲಕ್ಕೆ ಒಂದಲ್ಲ ಒಂದು ಬಗೆಯ ರಕ್ಷಣೆ ಸಿಕ್ಕಿತು. 2024ರಲ್ಲಿ ಕ್ಲಿನ್ಸೆ-ಝಾ ಉದ್ಯಾನ ಸುಮಾರು 2 ಲಕ್ಷ ಹೆಕ್ಟೇರ್ ದೊಡ್ಡದಾಯಿತು. ಹಳೆಯ ರಸ್ತೆಗಳನ್ನು ಅಗೆದು, ಅಡ್ಡ ಮರ ಕೆಡವಿ, ಸಸಿ ನೆಟ್ಟು ಮುಚ್ಚುತ್ತಿದ್ದಾರೆ. ಆ ಒಪ್ಪಂದ ಆಗುವ ಮುಂಚೆ 2019ರಲ್ಲಿ ಪೀಸ್ ಕಡೆ ನಡೆದ ಸಭೆಗಳಲ್ಲಿ ಈ ಸಮುದಾಯಗಳ ಮೇಲೆ ಎಂಥ ಮಾತುಗಳು ಬಂದವು ಅನ್ನುವುದನ್ನು ಇಲ್ಲಿನವರು ಮರೆತಿಲ್ಲ. ಬಣ್ಣದ ಕಾರಣಕ್ಕೆ ಮಾತು ಕೇಳಿಸಿಕೊಂಡ ಅನುಭವ ನಮ್ಮಲ್ಲೂ ಎಷ್ಟೋ ಜನಕ್ಕೆ ಇದೆ. ಅವರ ಜೊತೆ ನಿಲ್ಲಲು ಅದೊಂದೇ ಸಾಕು ಅಂತ ನನಗೆ ಅನಿಸುತ್ತದೆ.

ಹಾಗಾದರೆ ಸಚಿವರೇ, ಕ್ಲಿನ್ಸೆ-ಝಾದಲ್ಲಿ ಆದದ್ದು ಬೇರೆ ಕಡೆ ಯಾಕೆ ಆಗಲಿಲ್ಲ? ತೋಳ ಹೊಡೆಯುವ ಭಾಗವನ್ನು ಮಾತ್ರ ಹತ್ತಾರು ಹಿಂಡುಗಳಿಗೆ ಹರಡಿದಿರಿ, 2022ರಲ್ಲಿ ಮತ್ತೆ ಐದು ವರ್ಷಕ್ಕೆ ಮುಂದುವರಿಸಿದಿರಿ. ನಿಮ್ಮದೇ ಸಮೀಕ್ಷೆಯಲ್ಲಿ ಉತ್ತರ ಕೊಟ್ಟವರಲ್ಲಿ ಹೆಚ್ಚಿನವರು ಬೇಡ ಅಂದಿದ್ದರು. ನೆಲ ಉಳಿಸುವ ಭಾಗ ಮಾತ್ರ ಹಿಂಡಿನಿಂದ ಹಿಂಡಿಗೆ ಯೋಜನೆ, ಕರಡು, ಸಮಾಲೋಚನೆ ಅಂತ ವರ್ಷಗಟ್ಟಲೆ ಎಳೆಯುತ್ತಿದೆ. ರೆವೆಲ್‌ಸ್ಟೋಕ್‌ನ ಉತ್ತರಕ್ಕೆ ಅರ್ಗೊನಾಟ್ ಕಣಿವೆಯ ಹಳೆಯ ಕಾಡನ್ನು ಹರಾಜಿಗಿಡಲು ಹೊರಟಿದ್ದು ಬೇರೆ ಯಾರೂ ಅಲ್ಲ, ಮರ ಮಾರುವ ಸರ್ಕಾರದ್ದೇ ಸಂಸ್ಥೆ ಬಿ.ಸಿ. ಟಿಂಬರ್ ಸೇಲ್ಸ್. ಜನ ಗಲಾಟೆ ಮಾಡಿದ ಮೇಲೆ ತಡೆದಿರಿ, ಅದಕ್ಕೆ ಧನ್ಯವಾದ ಹೇಳುತ್ತೇನೆ. ಆದರೆ ಪ್ರತಿ ಕಣಿವೆಗೂ ಜನ ಹೋಗಿ ಕೂಗಬೇಕಾ? 2018ರಲ್ಲಿ ಕೇಂದ್ರದ ಪರಿಸರ ಸಚಿವರು ಈ ಬೆಟ್ಟದ ಕ್ಯಾರಿಬೂ ಚೇತರಿಸಿಕೊಳ್ಳುವುದಕ್ಕೆ ತಕ್ಷಣದ ಅಪಾಯ ಇದೆ ಅಂತ ಅಧಿಕೃತವಾಗಿ ಹೇಳಿದರು. ಅಳಿವಿನಂಚಿನ ಜೀವಿಗಳಿಗಾಗಿಯೇ ಒಂದು ಪ್ರತ್ಯೇಕ ಕಾಯಿದೆ ತರುತ್ತೇವೆ ಅಂತ 2017ರಲ್ಲಿ ಈ ಸರ್ಕಾರ ಮಾತು ಕೊಟ್ಟಿತ್ತು. ನಾವು ಇನ್ನೂ ಕಾಯುತ್ತಿದ್ದೇವೆ.

ತೋಳದ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಈ ಕೆಲಸದಲ್ಲಿ ಒಂದು ತೋಳವನ್ನು ಹಿಡಿದು ಕತ್ತಿಗೆ ರೇಡಿಯೊ ಕಾಲರ್ ಕಟ್ಟಿ ಬಿಡುತ್ತಾರೆ. ಅದು ತನ್ನ ಗುಂಪಿಗೆ ಮರಳುತ್ತದೆ, ಹೆಲಿಕಾಪ್ಟರ್ ಅದರ ಹಿಂದೆ ಹೋಗುತ್ತದೆ, ಗುಂಪಿನಲ್ಲಿ ಅದೊಂದನ್ನು ಬಿಟ್ಟು ಉಳಿದವನ್ನೆಲ್ಲ ಹೊಡೆಯುತ್ತಾರೆ. ಅದು ಮತ್ತೆ ಬೇರೆ ತೋಳಗಳನ್ನು ಹುಡುಕಿಕೊಂಡು ಹೋಗುತ್ತದೆ, ಮತ್ತೆ ಹಾಗೆಯೇ. ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಜೂಡಸ್‌ನ ಹೆಸರಿನಲ್ಲಿ ಇಲ್ಲಿ ಇದಕ್ಕೆ ಜೂಡಸ್ ತೋಳ ಅನ್ನುತ್ತಾರೆ. ಗುಂಪು ಕಟ್ಟಿಕೊಂಡು, ಮರಿಗಳನ್ನು ಎಲ್ಲರೂ ಸೇರಿ ಸಾಕುವ ಪ್ರಾಣಿಗೆ ಇಂಥದ್ದನ್ನು ಮಾಡುತ್ತಿದ್ದೇವೆ ಅನ್ನುವುದನ್ನು ಕಣ್ಣು ತೆರೆದು ನೋಡಬೇಕು. ನನಗೆ ಇದನ್ನು ಬರೆಯುವಾಗ ಹೊಟ್ಟೆ ಕಿವುಚಿದ ಹಾಗಾಗುತ್ತದೆ. ಆದರೂ ಕೆಲವು ಹಿಂಡುಗಳಿಗೆ ಈಗ ಇದು ಬೇಕು ಅಂತ ಒಪ್ಪುತ್ತೇನೆ. ಒಪ್ಪುವುದಕ್ಕೆ ನನಗಿರುವ ಷರತ್ತು ಒಂದೇ, ಆ ಸಾವಿಗೆ ಬದಲಾಗಿ ಏನಾದರೂ ಸಿಗಬೇಕು. ಮುಂದಿನ ಬೇಸಿಗೆಗೆ ಅದೇ ಕಾಡಿಗೆ ಗರಗಸ ಬರುವುದಾದರೆ ಏನು ಸಿಕ್ಕಂತಾಯಿತು?

ಕಾರಣ ಗಟ್ಟಿಯಾಗಿ ತಿಳಿಯದೆ ಕೊಲ್ಲಲು ಹೊರಟರೆ ಏನಾಗುತ್ತದೆ ಅಂತ ನೋಡಬೇಕಾದರೆ ಅಲಾಸ್ಕಾ ಕಡೆ ನೋಡಿ. ಅಲ್ಲಿನ ಮುಲ್ಚಾಟ್ನಾ ಹಿಂಡು 1997ರ ಹೊತ್ತಿಗೆ ಸುಮಾರು 2 ಲಕ್ಷ ಇದ್ದದ್ದು 2019ಕ್ಕೆ 13,000ದಷ್ಟಾಯಿತು. ಅಷ್ಟು ದೊಡ್ಡದಾದ ಹಿಂಡು ತನ್ನ ಮೇವನ್ನು ತಾನೇ ಮುಗಿಸಿಕೊಂಡಿದ್ದಿರಬಹುದು, ಬ್ರುಸೆಲ್ಲೋಸಿಸ್ ಎಂಬ ಕಂದು ಹಾಕುವ ರೋಗವೂ ಅದರಲ್ಲಿ ಕಂಡಿದೆ. ಆದರೂ 2023ರ ವಸಂತದಲ್ಲಿ ಕರು ಹಾಕುವ ಜಾಗದಲ್ಲಿ ರಾಜ್ಯದವರು ಹೆಲಿಕಾಪ್ಟರ್‌ನಿಂದ 94 ಕಂದು ಕರಡಿ, 5 ಕಪ್ಪು ಕರಡಿ, 5 ತೋಳಗಳನ್ನು ಹೊಡೆದರು. ಮರುವರ್ಷವೂ ಹೊಡೆದರು. ಜನರಿಗೆ ಸರಿಯಾಗಿ ತಿಳಿಸದೆ, ಕರಡಿಗಳಿಗೆ ಏನಾಗುತ್ತದೆ ಅಂತ ನೋಡದೆ ಇದನ್ನು ಜಾರಿ ಮಾಡಿದ್ದು ರಾಜ್ಯದ ಸಂವಿಧಾನಕ್ಕೆ ವಿರುದ್ಧ ಅಂತ 2025ರಲ್ಲಿ ಅಲ್ಲಿನ ನ್ಯಾಯಾಲಯ ಹೇಳಿತು. ಬೇಟೆಯ ನಿಯಮ ಮಾಡುವ ಅಲ್ಲಿನ ಮಂಡಳಿ ಅದೇ ವರ್ಷ ಮತ್ತೆ ಅದೇ ನಿಯಮವನ್ನು ತಂದಿತು. ಕ್ಯಾರಿಬೂ ಮಾಂಸವನ್ನೇ ನಂಬಿದ ಯೂಪಿಕ್ ಮೂಲನಿವಾಸಿಗಳ ಹಳ್ಳಿಗಳ ಕಷ್ಟ ಸಣ್ಣದಲ್ಲ, ಅದನ್ನು ನಾನು ಲಘುವಾಗಿ ತೆಗೆದುಕೊಳ್ಳುವುದಿಲ್ಲ. ಅಂಥ ಜನರಿಗೆ ಕರಡಿಯ ಲೆಕ್ಕಕ್ಕಿಂತ ಹಿಂಡು ಯಾಕೆ ಕುಸಿಯಿತು ಅನ್ನುವ ಸರಿಯಾದ ಉತ್ತರ ಬೇಕಿತ್ತು. ನಮ್ಮಲ್ಲಿ ಕಾರಣ ಗೊತ್ತಿದೆ. ಗೊತ್ತಿದ್ದೂ ಕಾರಣವನ್ನು ಬಿಟ್ಟು ತೋಳವನ್ನು ಹಿಡಿದಿದ್ದೇವೆ.

ಕೆಲಸದ ಮಾತು. ಕಡಿಯುವುದು ನಿಂತರೆ ಮಿಲ್ಲು ಮುಚ್ಚುತ್ತದೆ, ಊರು ಸಾಯುತ್ತದೆ ಅಂತ ನನ್ನ ಪಕ್ಕದ ಮನೆಯವರೇ ಹೇಳುತ್ತಾರೆ, ಅವರ ಭಯ ಸುಳ್ಳಲ್ಲ. 2023ರಲ್ಲಿ ನಮ್ಮೂರಿನ ಪಲ್ಪ್ ಲೈನ್ ಒಂದು ಮುಚ್ಚಿದಾಗ ಸುಮಾರು 300 ಜನರ ಕೆಲಸ ಹೋಯಿತು. ಆದರೆ ಅದನ್ನು ಮುಚ್ಚಿಸಿದ್ದು ಕ್ಯಾರಿಬೂ ಅಲ್ಲ. ಪೈನ್ ಮರಗಳನ್ನು ಜೀರುಂಡೆ ತಿಂದುಹಾಕಿತು, ಬೆಂಕಿ ಸುಟ್ಟಿತು, ಹತ್ತಿರದ ಒಳ್ಳೆಯ ಮರವನ್ನೆಲ್ಲ ಮೊದಲೇ ಕಡಿದು ಮುಗಿಸಿದ್ದೆವು. ಉಳಿದ ಸ್ವಲ್ಪ ಹಳೆಯ ಕಾಡನ್ನೂ ಕಡಿದರೆ ಮಿಲ್ಲುಗಳಿಗೆ ಇನ್ನು ಕೆಲವು ವರ್ಷ ಸಿಗಬಹುದು, ಆಮೇಲೆ ಮರವೂ ಇರುವುದಿಲ್ಲ, ಕೆಲಸವೂ ಇರುವುದಿಲ್ಲ. ಸಾವಿರಾರು ಕಿಲೋಮೀಟರ್ ರಸ್ತೆ ಮತ್ತು ಪಟ್ಟಿಗಳನ್ನು ಮುಚ್ಚಿ ಮರ ಬೆಳೆಸುವುದಿದೆಯಲ್ಲ, ಅದೂ ಕೆಲಸವೇ. ಅಗೆಯುವ ಯಂತ್ರ ಬೇಕು, ಓಡಿಸುವವರು ಬೇಕು, ಸಸಿ ನೆಡುವವರು ಬೇಕು, ವರ್ಷಗಟ್ಟಲೆ ಬೇಕು. ಈಗ ಕೆಲಸ ಕಳೆದುಕೊಂಡವರ ಕೈಗೆ ಗೊತ್ತಿರುವ ಕೆಲಸವೇ ಅದು. ಆ ದುಡ್ಡನ್ನು ಬಜೆಟ್‌ನಲ್ಲಿ ಇಡಿ.

ನಾನು ಕೇಳುವುದನ್ನು ಮತ್ತೊಮ್ಮೆ ಬಿಡಿಸಿ ಹೇಳುತ್ತೇನೆ. ತೋಳ ಹೊಡೆಯುವ ಪರವಾನಗಿ ಮತ್ತು ಮರ ಕಡಿಯುವ ಪರವಾನಗಿ ಇವತ್ತು ಬೇರೆ ಬೇರೆ ಮೇಜಿನಿಂದ ಬರುತ್ತವೆ, ಒಂದಕ್ಕೊಂದು ಸಂಬಂಧವೇ ಇಲ್ಲದ ಹಾಗೆ. ಇವೆರಡನ್ನೂ ಕಾನೂನಿನಲ್ಲಿ ಕಟ್ಟಿಹಾಕಿ. ಒಂದು ಹಿಂಡಿನ ಮುಖ್ಯ ನೆಲದಲ್ಲಿ ಕಡಿತ ನಿಂತಿದೆ, ರಸ್ತೆ ಮುಚ್ಚುವ ಕೆಲಸಕ್ಕೆ ದುಡ್ಡು ಇಟ್ಟಿದೆ ಅಂತ ತೋರಿಸಿದ ಮೇಲೆಯೇ ಅಲ್ಲಿ ಹೆಲಿಕಾಪ್ಟರ್ ಏಳಲಿ. ಆ ನೆಲದ ಮೂಲನಿವಾಸಿ ಸಮುದಾಯ ಒಪ್ಪಿ ಮುಂದೆ ನಿಂತಿರಬೇಕು, ಅವರ ಕಾವಲುಗಾರರಿಗೆ ವರ್ಷ ವರ್ಷ ಅರ್ಜಿ ಹಾಕಿಸದೆ ಹತ್ತು ಇಪ್ಪತ್ತು ವರ್ಷದ ಹಣ ಖಚಿತ ಮಾಡಿ. ಮತ್ತೆ ಲೆಕ್ಕ. ಎಷ್ಟು ತೋಳ ಹೊಡೆದಿರಿ ಅಂತ ಒಂದು ಕಡೆ, ಎಷ್ಟು ಕ್ಯಾರಿಬೂ ಎಣಿಸಿದಿರಿ ಅಂತ ಇನ್ನೊಂದು ಕಡೆ, ಎಷ್ಟು ಹೆಕ್ಟೇರ್ ಕಡಿಯಲು ಬಿಟ್ಟಿರಿ ಅಂತ ಯಾರಿಗೂ ಸಿಗದ ಮೂರನೇ ಕಡೆ, ಹೀಗೆ ಇಟ್ಟರೆ ಜನಕ್ಕೆ ಏನು ಅರ್ಥವಾಗುತ್ತದೆ? ಹಿಂಡಿಗೆ ಒಂದೇ ಹಾಳೆ ಸಾಕು. ಸತ್ತ ತೋಳ, ಬದುಕಿದ ಕ್ಯಾರಿಬೂ, ಹುಟ್ಟಿದ ಕರು, ಕಡಿದ ಕಾಡು, ಮುಚ್ಚಿದ ರಸ್ತೆ, ಎಲ್ಲ ಅದರಲ್ಲೇ ಇರಲಿ, ಪ್ರತಿ ವರ್ಷ ಎಲ್ಲರೂ ನೋಡುವ ಹಾಗೆ ಹಾಕಿ. ಕಾಡು ಎಷ್ಟರ ಮಟ್ಟಿಗೆ ಮರಳಿ ಬಂದರೆ ತೋಳ ಹೊಡೆಯುವುದು ನಿಲ್ಲುತ್ತದೆ ಅಂತಲೂ ಆ ಹಾಳೆಯಲ್ಲೇ ಬರೆಯಿರಿ.

ಕನ್ನಡಿಗರಿಗೆ: ಈ ಪ್ರಾಂತ್ಯದ ನೆಲದಲ್ಲಿ ನೂರಕ್ಕೆ 90ಕ್ಕೂ ಜಾಸ್ತಿ ಭಾಗ ಸಾರ್ವಜನಿಕರದ್ದು. ಖಾಸಗಿಯವರ ತೋಟದಲ್ಲಿ ಅವರು ಏನೋ ಮಾಡಿಕೊಂಡರು ಅಂತ ಸುಮ್ಮನಿರುವ ವಿಷಯ ಇದಲ್ಲ, ನಮ್ಮ ಹೆಸರಿನಲ್ಲಿಯೇ ನಡೆಯುತ್ತಿದೆ. ತೋಳಗಳನ್ನು ಉಳಿಸಿ ಅನ್ನುವ ಮನವಿ ಮತ್ತೆ ನಿಮ್ಮ ಫೋನಿಗೆ ಬಂದರೆ ಸಹಿ ಹಾಕುವ ಮುಂಚೆ ಅದರಲ್ಲಿ ಕಾಡಿನ ಬಗ್ಗೆ ಏನು ಹೇಳಿದೆ ಅಂತ ನೋಡಿ. ಏನೂ ಇಲ್ಲದಿದ್ದರೆ ನಿಮ್ಮ ಎಂ.ಎಲ್.ಎ.ಗೆ ನೀವೇ ಎರಡು ಸಾಲು ಬರೆಯಿರಿ. ತೋಳ ಹೊಡೆಯುತ್ತಿರುವ ಯಾವ ಯಾವ ಹಿಂಡುಗಳ ನೆಲದಲ್ಲಿ ಈ ವರ್ಷ ಮರ ಕಡಿಯಲು ಪರವಾನಗಿ ಕೊಟ್ಟಿದ್ದೀರಿ, ಎಷ್ಟು ಹೆಕ್ಟೇರಿಗೆ? ಇಷ್ಟೇ ಕೇಳಿ. ನಮ್ಮವರು ಜಾಸ್ತಿ ಇರುವ ಕ್ಷೇತ್ರಗಳಲ್ಲಿ ಇಂಥ ಪತ್ರ ಹತ್ತು ಹೋದರೂ ಆ ಕಚೇರಿಯಲ್ಲಿ ಯಾರೋ ಒಬ್ಬರು ಉತ್ತರ ಹುಡುಕಲೇಬೇಕಾಗುತ್ತದೆ.

ಸಚಿವರೇ, ನನ್ನ ಪ್ರಶ್ನೆಯೂ ಅದೇ. ಈ ಚಳಿಗಾಲದ ಹಾರಾಟ ಶುರುವಾಗುವ ಮುಂಚೆ, ಹಿಂಡಿನ ಹೆಸರು ಮತ್ತು ಹೆಕ್ಟೇರಿನ ಲೆಕ್ಕ ಸಮೇತ ಉತ್ತರ ಕೊಡಿ.

ಇಂತಿ,
ಪ್ರಿನ್ಸ್ ಜಾರ್ಜ್‌ನಲ್ಲಿರುವ ಒಬ್ಬ ಕನ್ನಡಿಗ